ಸಾಲಿನ ನಡುವೆ ಬಿಟ್ಟ ಜಾಗ

ಇದನ್ನು ಕೆಟ್ಟದಾಗಿ ಹೇಳಲಿದ್ದೇನೆ, ಮೊದಲೇ ಕ್ಷಮಿಸಿ. ಬರೆದು ಅಭ್ಯಾಸವಿಲ್ಲ, ನಗು ಬರುವ ಮೊದಲೇ ಅದು ಯಾಕೆ ಬರಬೇಕೆಂದು ವಿವರಿಸಿಬಿಡುತ್ತೇನೆ. ಆದರೆ ಅರವತ್ತರ ದಶಕದ ಕೊನೆಯಲ್ಲಿ ಗೌರಿಬಿದನೂರಿನ ಕಡೆ ಗ್ರಾಮಸೇವಕನಾಗಿದ್ದವನಿಗೆ, ಅಂದರೆ ರೈತರಿಗೆ ಹೊಸ ಬೇಸಾಯ ತೋರಿಸುವ ನೌಕರನಿಗೆ, ಇಂಥವು ಬೆಳಗಾದರೆ ಆಗುತ್ತಲೇ ಇದ್ದವು.

೧. ಹಗ್ಗ

ಸೋಯಾ ಅವರೆ ಆಗ ನಮ್ಮ ಕಡೆಗೆ ಹೊಸದು. ಒಬ್ಬ ಗೌಡರು ದಾರಿ ಪಕ್ಕದ ಹೊಲ ಕೊಟ್ಟರು. ನಾನು ಹಗ್ಗ ಹಿಡಿದು ಸಾಲಿನಿಂದ ಸಾಲಿಗೆ ಒಂದು ಮೊಳ, ಬೀಜದಿಂದ ಬೀಜಕ್ಕೆ ನಾಲ್ಕು ಬೆರಳು ಬಿಟ್ಟು ಬಿತ್ತಿಸಿದೆ.

"ಮಧ್ಯ ಇಷ್ಟು ಜಾಗ ಯಾಕೆ ಸೋಮಿ? ನಿಮ್ ಸಾಹೇಬ್ರು ಬಂದು ಮಲಗ್ತಾರಾ?" ಎಂದರು ಗೌಡರು.

ಅವರ ಸಂಕಟ ಬೇರೆಯೇ ಇತ್ತು. ಕಾಯಿ ಕಟ್ಟುವ ಹೊತ್ತಿಗೆ ಚಿಂತಾಮಣಿ ಕಡೆಯವರು ಮಗಳನ್ನು ನೋಡಲು ಬರುವವರಿದ್ದರು.

"ಅವ್ರು ಮೊದಲು ಹೊಲ ನೋಡ್ತಾರೆ, ಆಮೇಲೆ ಹೆಣ್ಣು. ಹೊಲ ಬೋಳಾಗಿದ್ರೆ ಕಾಫಿನೂ ಕುಡಿಯಲ್ಲ ಕಣಪ್ಪ!"

೨. ಅಕ್ಕಡಿ

ರಾಗಿ ಸಾಲುಗಳ ನಡುವೆ ಅವರೆ, ಹುಚ್ಚೆಳ್ಳು ಹಾಕುವುದು ನಮ್ಮ ಪದ್ಧತಿ. ಅದಕ್ಕೆ ಅಕ್ಕಡಿ ಎನ್ನುತ್ತಾರೆ. ವಾರ ಬಿಟ್ಟು ಹೋದರೆ ಗೌಡಮ್ಮ ನನ್ನ ಖಾಲಿ ಜಾಗದಲ್ಲೆಲ್ಲ ಅವರೆ ಊರುತ್ತಿದ್ದಾರೆ!

"ಅಮ್ಮಾ, ಅದು ಬೆಳಕಿಗೆ ಬಿಟ್ಟಿರೋದು."

"ಬೆಳಕಲ್ಲಿ ಹುಳಿ ಮಾಡಕ್ಕಾಗ್ತದೇನಪ್ಪಾ?"

ಅಂತೂ ನಿಲ್ಲಿಸಿದೆ. ಗೌಡರು ಮಾತ್ರ ಹಟ ಬಿಡದೆ, ಉಳಿದ ಸೋಯಾ ಬೀಜವನ್ನೆಲ್ಲ ಪಕ್ಕದ ಮಡಿಯಲ್ಲಿ ಒತ್ತೊತ್ತಾಗಿ ಚೆಲ್ಲಿದರು.

"ಒಂದಕ್ಕೊಂದು ಕಿತ್ತಾಡ್ತವೆ ಗೌಡ್ರೇ."

"ನಾವು ಅಣ್ಣತಮ್ಮಂದಿರೆಲ್ಲ ಒಂದೇ ಮನೇಲಿಲ್ವಾ?"

"ಅದಕ್ಕೇ ಆವಯ್ಯ ಹೇಳ್ತಿರೋದು" ಎಂದರು ಗೌಡಮ್ಮ.

೩. ನೋಡಲು ಬಂದವರು

ಅವರು ಬರುವ ದಿನ ಬೆಳಗ್ಗೆಯೇ ಹೊಲಕ್ಕೆ ಹೋದೆ. ಬಿಟ್ಟಿದ್ದ ಮೊಳದ ಜಾಗ ಎಲ್ಲಿ ಹೋಯಿತೋ! ಸಾಲಿಗೆ ಸಾಲು ಎಲೆ ಕೂಡಿಸಿಕೊಂಡು ನೆಲವೇ ಕಾಣದು. ಎಲೆ ಸರಿಸಿದರೆ ಬುಡದಿಂದ ತುದಿಯವರೆಗೆ ಕೊಂಬೆಕೊಂಬೆಗೂ ಕಾಯಿ. ಒಂದು ಕಾಳು ಇಷ್ಟೆಲ್ಲ ಆಗಲು ಕೇಳಿದ್ದು ಒಂದಿಷ್ಟು ಬರಿ ಜಾಗ. ಊರಿಗೆಲ್ಲ ಅದನ್ನೇ ಬೋಧಿಸಿದ್ದೆ, ಆದರೆ ನಂಬಿದ್ದು ಅವತ್ತು. ಒತ್ತಾಗಿ ಚೆಲ್ಲಿದ ಮಡಿ ಮಾತ್ರ ಸಣಕಲಾಗಿ ಎತ್ತರ ಬೆಳೆದು, ಮಳೆಗಾಳಿಗೆ ಅಡ್ಡ ಮಲಗಿತ್ತು. ತುದಿಯಲ್ಲಷ್ಟೇ ಒಂದೆರಡು ಕಾಯಿ.

ಗಂಡಿನ ತಂದೆ ಗಾಡಿ ಇಳಿದವರೇ ಸಾಲುಗಳೊಳಗೆ ಹೋಗಿ ನಿಂತು, ತೆಲುಗು ಬೆರೆಸಿ ಹೊಗಳಿದರು. "ಭಲೇ ಉಂದಿ ಗೌಡ್ರೇ! ಯಾರ ಕೈಗುಣ ಇದು?"

"ನಂದೇ" ಎಂದರು ಗೌಡರು, ನನ್ನ ಕಡೆ ನೋಡದೆ.

"ಆ ಮಲಗಿರೋದು?"

"ಅದು ಈ ಗ್ರಾಮಸೇವಕ್ರದ್ದು."

ಅವರು ನನ್ನನ್ನು ಕನಿಕರದಿಂದ ನೋಡಿದರು. "ಸಂಬಂಧ ನಮಗೆ ಒಪ್ಪಿಗೆ. ಮದುವೆಗೆ ಈವಯ್ಯನ್ನೂ ಕರೀರಿ, ಪಾಪ. ಹೊಲಕ್ಕೆ ಮಾತ್ರ ಬಿಡಬೇಡಿ!"

ಇದರಲ್ಲಿ ನಗು ಯಾಕೆಂದರೆ, ನಿಂತಿದ್ದು ನನ್ನ ಸಾಲು, ಮಲಗಿದ್ದು ಗೌಡರ ಮಡಿ. ಗಿಡ ಮಲಗುವುದಕ್ಕೂ ಕಾರಣವಿದೆ: ಒತ್ತಾಗಿದ್ದರೆ ಬುಡಕ್ಕೆ ಬೆಳಕು ಬೀಳದೆ, ಕಾಂಡ... ಬಂದೇ ಕಣೇ, ಬಂದೆ! ಕ್ಷಮಿಸಿ, ನಲ್ಲಿಯಲ್ಲಿ ನೀರು ಬಂತಂತೆ, ಮನೆಯವಳು ಕೂಗುತ್ತಿದ್ದಾಳೆ. ಕಾಂಡ ಯಾಕೆ...