ಇ ಡ್ರೈವಿನ ಬದು

ಹಾರ್ಡ್ ಡಿಸ್ಕಿಗೆ ಚಕ್ಕುಬಂದಿ ಬರೆದ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ ಇರುವುದು. ಅವರು ಸಿಂಗಟಗೆರೆಯಲ್ಲಿದ್ದಾರೆ, ಮತ್ತು ಅವರು ನನ್ನ ಸೋದರಮಾವ! ನಂಬದವರು ಅವರ ಮನೆಗೆ ಹೋಗಿ ಕಂಪ್ಯೂಟರಿನ ಡಬ್ಬಿಯ ಬೆನ್ನು ನೋಡಬಹುದು. ಅಲ್ಲಿ ಒಂದು ಹಳದಿ ಕಾಗದ ಅಂಟಿಸಿದೆ. ‘ಡಿ ಡ್ರೈವ್: ಪೂರ್ವಕ್ಕೆ ಸಿ ಡ್ರೈವ್, ಪಶ್ಚಿಮಕ್ಕೆ ಇ ಡ್ರೈವ್, ಉತ್ತರಕ್ಕೆ ಫ್ಯಾನು, ದಕ್ಷಿಣಕ್ಕೆ ಗೋಡೆ. ಈ ಮಧ್ಯೆ ಇರುವ ಸ್ವತ್ತು ಸದರಿಯವರದ್ದು.’ ಕೆಳಗೆ ಸಹಿ. ಅದರ ಕೆಳಗೆ ಇನ್ನೊಂದು ಸಹಿ, ಯಾಕೆಂದರೆ ಮೊದಲನೆಯದು ಬರೆಯುವಾಗ ಮೇಜು ಸ್ವಲ್ಪ ಅಲುಗಿತ್ತಂತೆ.

ಮಾವ ಲೈಸೆನ್ಸ್ ಪಡೆದ ಸರ್ವೇಯರು. ಸುತ್ತಮುತ್ತ ಯಾರ ಹೊಲ ಭಾಗವಾದರೂ ಸರಪಳಿ ಹಿಡಿದುಕೊಂಡು ಇವರೇ ಹೋಗಬೇಕು. ಅಳತೆ ಅವರ ಉದ್ಯೋಗ ಅಂತ ಜನ ತಿಳಿದಿದ್ದಾರೆ. ಅಲ್ಲ, ಅದು ಅವರ ಕಾಯಿಲೆ. ಮದುವೆ ಮನೆಯಲ್ಲಿ ಊಟಕ್ಕೆ ಕೂತರೆ ಪಕ್ಕದವರ ಹಪ್ಪಳದ ತುದಿ ತಮ್ಮ ಎಲೆಯ ಮೇಲೆ ಬಂದಿದೆಯೇ ಎಂದು ನೋಡುತ್ತಾರೆ. ಬಂದಿದ್ದರೆ ‘ಒತ್ತುವರಿ’ ಎಂದು ಹೇಳಿ ಒಂದು ಬೆರಳಿನಿಂದ ಆಚೆ ಸರಿಸುತ್ತಾರೆ. ಒಂದು ದಿನ ಮನೆಯಲ್ಲಿ ತಟ್ಟೆಗೆ ಬಿದ್ದ ರೊಟ್ಟಿಯನ್ನು ಗೇಣು ಹಾಕಿ ಅಳೆದು, ಇದು ಒಂದು ಕಡೆ ಅರ್ಧ ಬೆರಳು ಕಡಿಮೆ ಇದೆ ಎಂದು ವರದಿ ಕೊಟ್ಟರಂತೆ. ಅತ್ತೆ ಒಲೆಯ ಮುಂದಿನಿಂದ ಏಳದೆ, “ಹಂಗಾದ್ರೆ ಹೊಲದ ಹಂಗೆ ಪೋಡಿ ಮಾಡ್ಕೊಂಡು ತಿನ್ನಿ” ಅಂದರಂತೆ.

ಇಂಥವರ ಕೈಗೆ ಕಂಪ್ಯೂಟರು ಹೇಗೆ ಬಂತು ಅಂತೀರಾ? ಅದಕ್ಕೆ ಕಾರಣ ಅವರ ತಮ್ಮ, ನನ್ನ ಚಿಕ್ಕಮಾವ. ಅಣ್ಣ ತಮ್ಮ ಇಬ್ಬರೂ ಸೇರಿ ಅಜ್ಜಂಪುರದಲ್ಲಿ ಒಂದು ಕೋಣೆ ಹಿಡಿದಿದ್ದರು. ಅಣ್ಣ ಹೊಲದಲ್ಲಿ ಅಳೆದು ತಂದದ್ದನ್ನು ತಮ್ಮ ಕಂಪ್ಯೂಟರಿನಲ್ಲಿ ನಕ್ಷೆ ಬರೆಯುತ್ತಿದ್ದರು. ಒಬ್ಬರಿಗೆ ಬಿಸಿಲು, ಇನ್ನೊಬ್ಬರಿಗೆ ಫ್ಯಾನು, ಆದರೂ ಜಗಳವಿರಲಿಲ್ಲ. ಹಾರ್ಡ್ ಡಿಸ್ಕನ್ನು ಮೂರು ಭಾಗ ಮಾಡಿದವರೂ ಚಿಕ್ಕಮಾವನೇ. ಸಿ ಯಂತ್ರಕ್ಕೆ, ಡಿ ಅಣ್ಣನಿಗೆ, ಇ ತನಗೆ.

ಊರವರ ಹೊಲವನ್ನೆಲ್ಲ ಜಗಳವಿಲ್ಲದೆ ಭಾಗ ಮಾಡಿಕೊಟ್ಟ ಈ ಇಬ್ಬರು ತಮ್ಮದೇ ಹೊಲ ಭಾಗ ಮಾಡುವಾಗ ಕೆಟ್ಟರು. ಬದುವಿನ ಮೇಲೆ ಒಂದು ಹುಣಸೆ ಮರ. ಮಾವ ಸರಪಳಿ ಎಳೆದು ಮರ ತನ್ನ ಕಡೆಗೆ ಬರುತ್ತದೆ ಎಂದರು. ಚಿಕ್ಕಮಾವ ಮಾರನೆಯ ವಾರ ಬೇರೆ ಸರ್ವೇಯರನ್ನು ಕರೆಸಿ ಅಳೆಸಿದರು! ಸರ್ವೇಯರನ ತಮ್ಮ ಬೇರೆ ಸರ್ವೇಯರನ್ನು ಕರೆಸುವುದು ಅಂದರೆ ಏನು? ಅಡುಗೆಯವನ ಮನೆಗೆ ಹೋಟೆಲಿನ ಊಟ ತರಿಸಿದ ಹಾಗೆ. ಆ ಹೊಸಬರು ಅಳೆದಾಗ ಮರ ಒಂದೂವರೆ ಅಡಿ ಆಚೆ, ಚಿಕ್ಕಮಾವನ ಕಡೆಗೆ ಬಿತ್ತು. ಮರಕ್ಕೆ ಏನೂ ಆಗಲಿಲ್ಲ, ಅದು ಎಲ್ಲಿತ್ತೋ ಅಲ್ಲೇ ಇತ್ತು. ಅಣ್ಣ ತಮ್ಮ ಮಾತು ಬಿಟ್ಟರು. ಅಜ್ಜಂಪುರದ ಕೋಣೆ ಮುಚ್ಚಿತು. ಚಿಕ್ಕಮಾವ ಹೆಂಡತಿಯ ಊರಾದ ಹಿರೇನಲ್ಲೂರಿಗೆ ಹೋಗಿ ನೆಲೆ ನಿಂತರು. ಕಂಪ್ಯೂಟರು ಸಿಂಗಟಗೆರೆಗೆ ಬಂತು, ಹೊಟ್ಟೆಯಲ್ಲಿ ಚಿಕ್ಕಮಾವನ ಇ ಡ್ರೈವನ್ನು ಹಾಗೇ ಇಟ್ಟುಕೊಂಡು.

ಅಲ್ಲಿಂದ ಏಳು ವರ್ಷ ಮಾವ ಆ ಇ ಡ್ರೈವನ್ನು ತೆರೆಯಲಿಲ್ಲ. ಬೇರೆಯವರ ಹೊಲಕ್ಕೆ ನೋಟಿಸಿಲ್ಲದೆ ಕಾಲಿಡಬಾರದು ಎಂಬುದು ಅವರ ಕಾನೂನು. ಎಲ್ಲಿ ಕೈ ತಪ್ಪಿ ಒತ್ತಿಬಿಡುತ್ತೇನೋ ಎಂದು ಪರದೆಯ ಮೇಲೆ ಇ ಡ್ರೈವ್ ಕಾಣುವ ಜಾಗಕ್ಕೆ ಗಾಯಕ್ಕೆ ಹಾಕುವ ಪಟ್ಟಿಯೊಂದನ್ನು ಅಂಟಿಸಿದ್ದರು. ಚಿತ್ರ ಬದಲಾದಾಗ ಪಟ್ಟಿ ಬಿಚ್ಚಿ, ಹೊಸ ಜಾಗ ಹುಡುಕಿ, ಕಣ್ಣು ಅರ್ಧ ಮುಚ್ಚಿಕೊಂಡು ಮತ್ತೆ ಅಂಟಿಸುವುದು. ನೋಡಿದವರು ಕಂಪ್ಯೂಟರಿಗೆ ಏಟು ಬಿದ್ದಿದೆಯಾ ಎಂದು ಕೇಳುತ್ತಿದ್ದರು. ಬಿದ್ದಿತ್ತು ಅಂತ ನಾನು ಈಗ ಹೇಳುತ್ತೇನೆ. ಆಗ ನಗುತ್ತಿದ್ದೆ.

ಹೋದ ವರ್ಷ ಆ ಕಂಪ್ಯೂಟರು ಮುಷ್ಕರ ಹೂಡಿತು. ನಾಲ್ಕು ಸಲ ಎಬ್ಬಿಸಿದರೆ ಒಂದು ಸಲ ಏಳುತ್ತಿತ್ತು, ಎದ್ದರೂ ಎಲ್ಲಿದ್ದೇನೆ ಎಂದು ನೆನಪಾಗುವಷ್ಟರಲ್ಲಿ ಮತ್ತೆ ಮಲಗುತ್ತಿತ್ತು. ಮಾವ ನನಗೆ ಫೋನು ಮಾಡಿದರು. ನಾನು ತರೀಕೆರೆಯಲ್ಲಿ ಮಕ್ಕಳಿಗೆ ಕನ್ನಡ ಪಾಠ ಹೇಳುವವಳು. ಆದರೆ ಶಾಲೆಯ ಹಾಜರಾತಿಯನ್ನು ಆನ್‌ಲೈನಿನಲ್ಲಿ ತುಂಬುವವಳೂ ನಾನೇ ಆದ್ದರಿಂದ ನಮ್ಮ ವಂಶಕ್ಕೆಲ್ಲ ಕಂಪ್ಯೂಟರ್ ತಜ್ಞೆ! ತರೀಕೆರೆಯ ಒಬ್ಬ ರಿಪೇರಿಯವರನ್ನು ವಿಚಾರಿಸಿದೆ. ಆಪರೇಟಿಂಗ್ ಸಿಸ್ಟಮ್ ಕೆಟ್ಟಿದೆ, ಡಿಸ್ಕ್ ಬಿಚ್ಚಿ ತಂದುಕೊಡಿ, ಪೂರ್ತಿ ಅಳಿಸಿ ಹೊಸದು ಹಾಕಿಕೊಡುತ್ತೇನೆ ಎಂದರು. ಪೂರ್ತಿ ಎಂಬ ಮಾತು ಕೇಳಿ ಮಾವ ಫೋನಿನಲ್ಲೇ ಎದ್ದು ನಿಂತರು ಅಂತ ಕಾಣುತ್ತದೆ, ಕುರ್ಚಿ ಬಿದ್ದ ಸದ್ದು ಕೇಳಿಸಿತು.

“ಇ ಡ್ರೈವ್ ನಂದಲ್ಲ ಕಣೇ. ಅದ್ರಲ್ಲಿ ಅವ್ನು ಏನಿಟ್ಟವ್ನೋ ಏನೋ. ಅದೊಂದು ಉಳೀಬೇಕು, ಮಿಕ್ಕಿದ್ದು ಏನಾದ್ರೂ ಆಗ್ಲಿ.”

ಹೊಸ ಕಂಪ್ಯೂಟರು ತೆಗೆದುಕೊಂಡು ಹಳೆಯದನ್ನು ಅಟ್ಟಕ್ಕೆ ಹಾಕಿ ಎಂದು ಅತ್ತೆ ಹೇಳಿದರು. ತಮ್ಮನ ಸ್ವತ್ತನ್ನು ಅಟ್ಟಕ್ಕೆ ಹಾಕುವುದೇ ಎಂದು ಮಾವ ಎರಡು ದಿನ ಮಜ್ಜಿಗೆ ಮುಟ್ಟಲಿಲ್ಲ.

ಸರಿ, ಒಂದು ಭಾನುವಾರ ರೈಲು ಹತ್ತಿ ಕಡೂರಿಗೆ ಬಂದು, ಅಲ್ಲಿಂದ ಬಸ್ಸು ಹಿಡಿದು ಸಿಂಗಟಗೆರೆಗೆ ಹೋದೆ. ಕಂಪ್ಯೂಟರಿನ ಸೀಡಿ ತಟ್ಟೆ ಹೊರಗೆ ಬರುವುದನ್ನೇ ಮರೆತಿತ್ತು. ಪೆನ್ ಡ್ರೈವ್ ಚುಚ್ಚಿ ಅದರಿಂದ ಎಬ್ಬಿಸಲು ಹೋದರೆ ಅದು ಯಾವ ನೆಂಟರೋ ಅಂತ ತಿರುಗಿಯೂ ನೋಡಲಿಲ್ಲ, ಅಷ್ಟು ಹಳೆಯ ಯಂತ್ರ. ರಿಪೇರಿಯವರು ಫೋನಿನಲ್ಲಿ ಕೊನೆಯ ದಾರಿ ಹೇಳಿದರು. ಹೊಸ ಸಿಸ್ಟಮ್ಮಿನ ಫೈಲನ್ನು ಅದೇ ಡಿಸ್ಕಿನ ಒಂದು ಭಾಗದಲ್ಲಿ ಇಟ್ಟು, ಅಲ್ಲಿಂದಲೇ ಕಂಪ್ಯೂಟರನ್ನು ಎಬ್ಬಿಸಿ ಇನ್‌ಸ್ಟಾಲ್ ಮಾಡಬಹುದು, ಆದರೆ ತಲೆನೋವು ಎಂದರು. ಮಾವನಿಗೆ ಇದು ಬಹಳ ಹಿಡಿಸಿತು. ರಾಗಿ ಬೀಜವನ್ನು ಮನೆಯ ಕಾಳಿನ ವಾಡೆಯಿಂದಲೇ ತೆಗೆಯಬೇಕು, ಅಂಗಡಿಯ ಬೀಜ ಬಿತ್ತುವವನು ಬೇಸಾಯಗಾರನಲ್ಲ ಎಂದು ಅವರಪ್ಪ ಹೇಳುತ್ತಿದ್ದರಂತೆ. ಪೆನ್ ಡ್ರೈವ್ ಅಂದರೆ ಅಂಗಡಿಯ ಬೀಜ, ಇದು ಮನೆಯ ಬೀಜ!

ಮನೆಯ ಬೀಜವನ್ನು ಮೊಬೈಲಿನಲ್ಲಿ ಡೌನ್‌ಲೋಡ್ ಮಾಡಲು ಮೂರು ದಿನ ಹಿಡಿಯಿತು. ಇಂಟರ್ನೆಟ್ಟಿನ ಸಿಗ್ನಲ್ ನೀರಿನ ಟ್ಯಾಂಕಿನ ಮೇಲೆ ಮಾತ್ರ ಸಿಗುತ್ತಿದ್ದುದರಿಂದ ಮಾವ ಮೊಬೈಲನ್ನು ತಪ್ಪಲೆಯೊಳಗೆ ಇಟ್ಟು, ಮೇಲೆ ಜರಡಿ ಮುಚ್ಚಿ, ಕಾಗೆ ಓಡಿಸುತ್ತ ಕೂತರು. ಸಂಡಿಗೆ ಕಾಯುತ್ತಿದ್ದಾರೆ ಅಂತ ಎದುರು ಮನೆಯವರು ಎರಡು ಸಂಡಿಗೆ ಕೇಳಿದರಂತೆ.

ಮುಂದಿನ ಭಾನುವಾರ ನಾನು ಹೋಗುವಷ್ಟರಲ್ಲಿ ಮಾವನೇ ಮೊಬೈಲಿನಿಂದ ಫೈಲನ್ನು ಸಿ ಡ್ರೈವಿಗೆ ಇಳಿಸಿ, ಸಿ ಡ್ರೈವನ್ನೇ ಅಳಿಸಿ ಹೊಸದು ಹಾಕು ಎಂದು ಆಜ್ಞೆ ಕೊಟ್ಟಿದ್ದರು. ಕಂಪ್ಯೂಟರು ಆಗುವುದಿಲ್ಲ ಎಂದಿತ್ತು. ಇವರು ಹದಿನಾಲ್ಕು ಸಲ ಆಜ್ಞೆ ಕೊಟ್ಟಿದ್ದರು, ಅದು ಹದಿನಾಲ್ಕು ಸಲವೂ ಆಗುವುದಿಲ್ಲ ಎಂದಿತ್ತು. ಯಂತ್ರಕ್ಕೆ ಸೊಕ್ಕು ಎಂದು ದೂರಿದರು. ಬೀಜದ ಮೂಟೆಯನ್ನು ಹೊಲದ ಮಧ್ಯೆ ಇಟ್ಟು ಅದೇ ಹೊಲ ಉಳುತ್ತೇನೆ ಅಂದರೆ ಎತ್ತು ಏನು ಮಾಡಬೇಕು ಮಾವ, ಎಂದು ಕೇಳಿದೆ. ನೀನು ಕನ್ನಡ ಪಾಠ ಬಿಟ್ಟು ಬೇಸಾಯಕ್ಕೆ ಬಾ ಎಂದರು.

ಹಾಗಾದರೆ ಬೀಜ ಎಲ್ಲಿಡುವುದು? ಡಿ ಡ್ರೈವ್ ನಕ್ಷೆಗಳಿಂದ ಗಂಟಲವರೆಗೆ ತುಂಬಿತ್ತು. ಸ್ವಲ್ಪ ತೆಗೆಯೋಣ ಎಂದೆ. ಒಂದೊಂದೂ ಯಾರದೋ ಹೊಲ, ಯಾರ ಹೊಲ ತೆಗೆಯಲಿ ಎಂದು ಕೇಳಿದರು. ನಾಲ್ಕು ದಿನದ ಮಟ್ಟಿಗೆ ಪೆನ್ ಡ್ರೈವಿಗೆ ಸಾಗಿಸೋಣ ಎಂದೆ. ದಾಖಲೆ ಕಚೇರಿಯ ಹೊಸ್ತಿಲು ದಾಟಬಾರದು ಎಂದರು. ಉಳಿದದ್ದು ಒಂದೇ, ಆ ಗಾಯದ ಪಟ್ಟಿಯ ಕೆಳಗಿನ ಇ ಡ್ರೈವ್. ಡಿಸ್ಕಿನಲ್ಲಿ ಎಲ್ಲಕ್ಕಿಂತ ದೊಡ್ಡ ಭಾಗ. ಅದರ ಅಂಚಿನಿಂದ ಎಂಟು ಜಿಬಿ ಬಿಡಿಸಿಕೊಂಡರೆ ಸಾಕು, ಒಳಗಿರುವುದು ಒಂದು ಕೂದಲಷ್ಟೂ ಅಲುಗುವುದಿಲ್ಲ ಎಂದು ಆಣೆ ಮಾಡಿ ಹೇಳಿದೆ.

ಮಾವ ಎದ್ದು ಅಂಗಳಕ್ಕೆ ಹೋದರು. ಅಲ್ಲಿ ತೆಂಗಿನ ಮರದಿಂದ ಬಾವಿಯವರೆಗೆ ಹೆಜ್ಜೆ ಹಾಕಿದರು. ಯೋಚನೆ ಬಂದಾಗ ಅದೇ ದೂರವನ್ನು ಅಳೆಯುತ್ತಾರೆ, ನಲವತ್ತು ವರ್ಷದಿಂದ ಅದು ಹನ್ನೊಂದೇ ಹೆಜ್ಜೆ. ಒಳಗೆ ಬಂದು ಒಂದು ಬಿಳಿ ಹಾಳೆ ತೆಗೆದರು. ಬದು ಸರಿಸಬೇಕಾದರೆ ಪಕ್ಕದ ಹಿಡುವಳಿದಾರನಿಗೆ ನೋಟಿಸು ಕೊಡಬೇಕು, ಅದೇ ಪದ್ಧತಿ ಎಂದರು.

ನಿಜವಾಗಿಯೂ ಬರೆದರು! ‘ಇ ಡ್ರೈವಿನ ಹಿಡುವಳಿದಾರರಾದ ತಮಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಸದರಿ ಡ್ರೈವಿನ ಪೂರ್ವದ ಬದುವನ್ನು ಎಂಟು ಜಿಬಿಯಷ್ಟು ಸರಿಸಲು ಉದ್ದೇಶಿಸಿದ್ದು, ಆಕ್ಷೇಪಣೆ ಇದ್ದಲ್ಲಿ ಹದಿನೈದು ದಿನದೊಳಗೆ ಲಿಖಿತವಾಗಿ ಅಥವಾ ಖುದ್ದಾಗಿ ಹಾಜರಾಗಿ ತಿಳಿಸತಕ್ಕದ್ದು.’ ಬರೆದಾದ ಮೇಲೆ ಒಮ್ಮೆ ಓದಿಕೊಂಡು, ‘ಲಿಖಿತವಾಗಿ ಅಥವಾ’ ಎಂಬುದನ್ನು ಹೊಡೆದುಹಾಕಿದರು. ನಾನು ಅದನ್ನು ನೋಡಿದೆ. ನೋಡಿಯೂ ಕಾಗದ ಅಂದಗೆಟ್ಟಿತಲ್ಲ ಎಂದಷ್ಟೇ ಅಂದುಕೊಂಡೆ. ಮಕ್ಕಳಿಗೆ ಪದ್ಯದ ಭಾವಾರ್ಥ ಹೇಳಿಕೊಡುವವಳ ಯೋಗ್ಯತೆ ಇಷ್ಟು! ಬಸ್ಸಿನಲ್ಲಿ ಒಂದು ಗಂಟೆಯ ದಾರಿ, ಫೋನಿನಲ್ಲಿ ಒಂದು ನಿಮಿಷದ ಮಾತು. ಅದಕ್ಕೆ ಮರುದಿನ ರಿಜಿಸ್ಟರ್ಡ್ ಅಂಚೆ ಮಾಡಲೆಂದು ಕಾಗದ ಹಿಡಿದುಕೊಂಡು ನಾನು ಕಡೂರಿನಿಂದ ರೈಲು ಹತ್ತಿದೆ. ದಾರಿಯುದ್ದಕ್ಕೂ ಒಬ್ಬಳೇ ನಕ್ಕೆ.

ಆಮೇಲಿನದು ಅತ್ತೆ ಹೇಳಿದ್ದು. ಮಾವ ದಿನವೂ ಬಸ್ಸು ಬರುವ ಹೊತ್ತಿಗೆ ಜಗುಲಿಯ ಮೇಲೆ ಕೂತು ಸರಪಳಿಗೆ ಎಣ್ಣೆ ಹಾಕುತ್ತಿದ್ದರಂತೆ. ಆ ಸರಪಳಿಗೆ ಅದುವರೆಗೆ ಇಡೀ ಆಯುಷ್ಯದಲ್ಲಿ ಅಷ್ಟು ಎಣ್ಣೆ ಬಿದ್ದಿರಲಿಲ್ಲ. ಬಸ್ಸು ಹೋದ ಮೇಲೆ ಸರಪಳಿ ಮಡಿಸಿ ಒಳಗಿಡುವುದು. ಹದಿನೈದನೆಯ ದಿನವೂ ಭಾನುವಾರವೇ ಆಗಿತ್ತು. ನಾನು ಬೆಳಿಗ್ಗೆಯೇ ಹೋಗಿ, ಆಕ್ಷೇಪಣೆ ಬಂದಿಲ್ಲವಲ್ಲ, ಶುರು ಮಾಡೋಣವೇ ಎಂದು ಕೇಳಿದೆ. ಕಚೇರಿಯ ವೇಳೆ ಸಂಜೆ ಐದೂವರೆವರೆಗೆ ಇದೆ ಎಂದರು. ಭಾನುವಾರ ಯಾವ ಕಚೇರಿ ಇರುತ್ತದೆ ಎಂದು ಬಾಯಿಗೆ ಬಂದಿತ್ತು. ಅತ್ತೆ ಕಣ್ಣಲ್ಲೇ ನನ್ನನ್ನು ಸುಮ್ಮನಾಗಿಸಿದರು.

ಐದಕ್ಕೆ ಹತ್ತು ನಿಮಿಷ ಇರುವಾಗ ಬಂದ ಬಸ್ಸಿನಿಂದ ಚಿಕ್ಕಮಾವ ಇಳಿದರು. ಒಂದು ಕೈಯಲ್ಲಿ ನೋಟಿಸು, ಇನ್ನೊಂದು ಕೈಯಲ್ಲಿ ಹುಣಸೆ ಹಣ್ಣಿನ ಚೀಲ. ಚೀಲವನ್ನು ಅತ್ತೆ ಏನೂ ಕೇಳದೆ ಒಳಗೆ ತೆಗೆದುಕೊಂಡು ಹೋದರು. ಅದು ಯಾವ ಮರದ್ದು ಅಂತ ಯಾರಿಗೂ ಹೇಳಬೇಕಾಗಿರಲಿಲ್ಲ.

ಅಣ್ಣ ತಮ್ಮ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಇಬ್ಬರೂ ಕಂಪ್ಯೂಟರನ್ನು ನೋಡಿದರು. ನಾನು ಯಂತ್ರ ಎಬ್ಬಿಸಲು ಹೋದೆ. ಪುಣ್ಯಕ್ಕೆ ಮೂರನೆಯ ಸಲಕ್ಕೇ ಎದ್ದಿತು. ಚಿಕ್ಕಮಾವ ಪರದೆಯ ಮೇಲಿನ ಪಟ್ಟಿಯನ್ನು ಬೆರಳಿನಿಂದ ಮುಟ್ಟಿ ಇದೇನು ಎಂದು ನನ್ನನ್ನು ಕೇಳಿದರು. ಏಳು ವರ್ಷದ ಕಥೆಯನ್ನು ಹೇಳಿದೆ. ಅವರು ನಿಧಾನವಾಗಿ ಪಟ್ಟಿ ಬಿಚ್ಚಿ ಇ ಡ್ರೈವನ್ನು ತೆರೆದರು.

ಒಳಗೆ ಏನೂ ಇರಲಿಲ್ಲ! ಒಂದು ಫೈಲು, ಒಂದು ಚಿತ್ರ, ಏನೂ ಇಲ್ಲ. ಕೋಣೆ ಬಿಡುವ ದಿನವೇ ಚಿಕ್ಕಮಾವ ತಮ್ಮದೆಲ್ಲವನ್ನೂ ಸೀಡಿಗೆ ಹಾಕಿಕೊಂಡು ಅಳಿಸಿ ಹೋಗಿದ್ದರಂತೆ. ಏಳು ವರ್ಷ ನಮ್ಮ ಮಾವ ಬೇಲಿ ಹಾಕಿ ಕಾದದ್ದು ಬೀಳು ಹೊಲವನ್ನು. ನನಗೆ ನಗು ಬರಬೇಕಿತ್ತು, ಬರಲಿಲ್ಲ.

“ಖಾಲಿ ಐತಲ್ಲಣ್ಣ,” ಎಂದರು ಚಿಕ್ಕಮಾವ. ಏಳು ವರ್ಷದ ಮೇಲೆ ಅಣ್ಣನಿಗೆ ಆಡಿದ ಮೊದಲ ಮಾತು. “ಎಂಟ್ಯಾಕೆ, ಪೂರ್ತಿ ತಗೋ.”

“ಖಾಲಿ ಇದ್ರೂ ನಿಂದು. ನಂಗೆ ಎಂಟು ಸಾಕು.”

ಚಿಕ್ಕಮಾವನಿಗೆ ಅದು ಎರಡು ನಿಮಿಷದ ಕೆಲಸ. ಡಿಸ್ಕಿನ ಚಿತ್ರ ತೆರೆದು, ಇ ಡ್ರೈವಿನ ಅಂಚಿನ ಗೆರೆಯ ಮೇಲೆ ಬಾಣವನ್ನು ತಂದು ನಿಲ್ಲಿಸಿದರು. ಆಮೇಲೆ ಮೌಸಿನಿಂದ ಕೈ ತೆಗೆದು ಅದನ್ನು ಅಣ್ಣನ ಕಡೆಗೆ ಸರಿಸಿದರು.

“ನೀನೇ ಅಳತೆ ಹಾಕು. ನೀನೆಲ್ಲಿ ನಿಲ್ಲಿಸ್ತೀಯೋ ಅಲ್ಲೇ ಬದು. ಇನ್ನೊಬ್ಬರನ್ನ ಕರ್ಸಲ್ಲ.”

ಮಾವ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು. ಒರೆಸಿದ್ದನ್ನೇ ಮತ್ತೆ ಒರೆಸಿದರು. ಆಮೇಲೆ ಮೌಸ್ ಹಿಡಿದು ಗೆರೆ ಎಳೆದರು. ಹಪ್ಪಳದ ತುದಿಯನ್ನೂ ಬಿಡದ ಕೈ ಅದು. ಗೆರೆ ಎಂಟಕ್ಕೆ ನಿಲ್ಲದೆ ಒಂಬತ್ತೂವರೆಗೆ ಹೋಗಿ ನಿಂತಿತು. ನಾನು ನೋಡಿದೆ, ಬಾಗಿಲಲ್ಲಿ ನಿಂತಿದ್ದ ಅತ್ತೆಯೂ ನೋಡಿದರು. ಕಣ್ಣು ಮಂಜಾಗಿದ್ದ ಮಾವನಿಗೆ ಮಾತ್ರ ಕಾಣಲಿಲ್ಲ.

“ಸರ್ಯಾಗೈತಾ?” ಎಂದು ತಮ್ಮನನ್ನು ಕೇಳಿದರು.

ಚಿಕ್ಕಮಾವ ಪರದೆಯ ಹತ್ತಿರ ಬಗ್ಗಿ ಅಂಕಿಯನ್ನು ಓದಿದರು.

“ಸರ್ಯಾಗೈತೆ ಅಣ್ಣ. ಎಂಟೇ.”

ಮಾವ ಬಿಳಿ ಹಾಳೆ ತೆಗೆದು ಮಹಜರು ಬರೆದರು. ಇಬ್ಬರೂ ಸಹಿ ಹಾಕಿದರು. ಅಳತೆ ಸರಿಯಾಗಿದೆ ಎಂದು ಸಾಕ್ಷಿಯ ಜಾಗದಲ್ಲಿ ನಾನೂ ಸಹಿ ಹಾಕಿದೆ.