ನಗು ಒಂದು, ಸುಸ್ಥಿತಿಯಲ್ಲಿದೆ

ನಮ್ಮ ನೀರು ಸರಬರಾಜು ಕಚೇರಿಯ ಆಸ್ತಿ ಹೀಗಿದೆ: ಮೇಜು ನಲವತ್ತು, ಕುರ್ಚಿ ಅರವತ್ತೆರಡು, ನಗು ಒಂದು. ದಾಸ್ತಾನು ಪುಸ್ತಕದ ಹನ್ನೊಂದನೇ ಪುಟದಲ್ಲಿ ದಾಖಲಾಗಿದೆ. ಅನುಮಾನವಿದ್ದವರು ಕಚೇರಿ ವೇಳೆಯಲ್ಲಿ ಬಂದು ನೋಡಿಕೊಳ್ಳಬಹುದು.

ಗ್ರಾಹಕರಿಗಾಗಿ ಅಚ್ಚು ಹಾಕಿಸುವ ಕಿರುಪುಸ್ತಕದ ಮುಖಪುಟಕ್ಕೆ ನಗುವ ನೌಕರರೊಬ್ಬರ ಫೋಟೋ ಬೇಕಿತ್ತು. ಇಡೀ ಕಚೇರಿಯಲ್ಲಿ ನಗುವವರು ವಿಚಾರಣೆ ಕಿಟಕಿಯ ಅಕ್ಕ ಒಬ್ಬರೇ. ಫೋಟೋಗ್ರಾಫರ್ ಬಂದು ತೆಗೆದುಕೊಂಡು ಹೋದರು. ಅವರೊಂದಿಗಿನ ಕರಾರು ಬರೆದವನು ನಾನು. ನಮ್ಮಲ್ಲಿ ಇರುವುದು ಒಂದೇ ಮಾದರಿ, ಕುರ್ಚಿ ಖರೀದಿಯದು. ಬೇಡಿಕೆ ಪಟ್ಟಿಯಲ್ಲಿ "ಮುಖಪುಟಕ್ಕೆ ನಗು, ಒಂದು" ಎಂದಿದ್ದುದರಿಂದ ಕುರ್ಚಿ ಎಂದಿದ್ದ ಕಡೆಯಲ್ಲೆಲ್ಲ ನಗು ಎಂದು ಬರೆದೆ. ಹದಿನೈದು ವರ್ಷದಿಂದ ಆ ಮಾದರಿಗೆ ಕ್ಯಾತೆ ತೆಗೆದು ಒಬ್ಬರೂ ಗೆದ್ದಿಲ್ಲ, ಹೆಮ್ಮೆಯಿಂದಲೇ ಹೇಳುತ್ತೇನೆ.

"ಸದರಿ ನಗು ಮತ್ತು ಅದರ ಸಮಸ್ತ ಬಿಡಿಭಾಗಗಳ ಪೂರ್ಣ ಒಡೆತನ ಕಚೇರಿಯದು. ಹೊರಗೆ ಬಳಸತಕ್ಕದ್ದಲ್ಲ. ಮೂರು ವರ್ಷದೊಳಗೆ ಸಡಿಲವಾದರೆ ಅಥವಾ ಬಿರುಕು ಬಿಟ್ಟರೆ ಸರಬರಾಜುದಾರರೇ ಸರಿಪಡಿಸತಕ್ಕದ್ದು."

ಫೋಟೋಗ್ರಾಫರ್ ಆ ಫೋಟೋವನ್ನು ತಮ್ಮ ಅಂಗಡಿಯ ಗಾಜಿಗೆ ಅಂಟಿಸಿದರು. ನಮ್ಮ ಸ್ಟೋರ್ ಕೀಪರ್, ಬೆನ್ನ ಹಿಂದೆ ಎಲ್ಲರೂ ಗಂಟುಮೋರೆ ಎನ್ನುವವರು, ಹೋಗಿ ಕಿತ್ತು ತಂದರು.

"ತೆಗೆದೋನು ನಾನು ಸಾರ್. ಹಕ್ಕು ನಂದಲ್ವಾ?" ಎಂದು ಫೋಟೋಗ್ರಾಫರ್ ಹಿಂದೆಯೇ ಬಂದರು.

"ಕುರ್ಚಿ ಮಾಡಿದ ಬಡಗೀನೂ ಹಾಗೇ ಅಂದಿದ್ದ. ಈಗ ಅದರ ಮೇಲೆ ಕೂತಿರೋದು ಯಾರು?" ಎಂದರು ಗಂಟುಮೋರೆ.

ಮರುದಿನ ಅಕ್ಕ ಬಸ್ ಸ್ಟಾಪಿನಲ್ಲಿ ಯಾರದೋ ಮಗುವನ್ನು ನೋಡಿ ನಕ್ಕುಬಿಟ್ಟರು. ಇದು ಕಚೇರಿ ಆಸ್ತಿಯ ಖಾಸಗಿ ಬಳಕೆ. ಮೆಮೊ ಹೋಯಿತು. ಅಕ್ಕ ಅದನ್ನು ಹಿಡಿದು ನನ್ನ ಮೇಜಿಗೆ ಬಂದರು.

"ಗುರುವಾರ ನನ್ನ ತಂಗಿ ಮದುವೆ. ನಾನು ಎತ್ತಿ ಆಡಿಸಿದ ಕೂಸು. ಅವತ್ತೂ ನಾನು ನಗಬಾರದಾ?"

"ಅರ್ಜಿ ಕೊಡಿ ಅಕ್ಕ."

ಕೊಟ್ಟರು. ಕಚೇರಿಯ ಕುರ್ಚಿಗಳನ್ನು ಮದುವೆಗೆ ಕೊಡುವ ಪದ್ಧತಿ ಇಲ್ಲದಿರುವುದರಿಂದ ನಗುವನ್ನೂ ಕೊಡಲು ಬರುವುದಿಲ್ಲ ಎಂದು ಗಂಟುಮೋರೆ ಷರಾ ಬರೆದರು. ಓದಿದ ಅಕ್ಕನ ಮುಖ ಬಾಡಿತು. ಸುಳ್ಳೇಕೆ ಹೇಳಲಿ, ನನಗೂ ಅಯ್ಯೋ ಅನ್ನಿಸಿತು. ಆದರೆ ಕರಾರು ಕರಾರೇ.

ಎರಡು ದಿನ ಕಿಟಕಿಯಲ್ಲಿ ನಗು ಕಾಣಲಿಲ್ಲ. ಆಸ್ತಿ ಕೆಟ್ಟಿದೆ ಎಂದು ದಾಖಲಿಸಿ ಸರಬರಾಜುದಾರರನ್ನು ಕರೆಸಿದೆವು. ಫೋಟೋಗ್ರಾಫರ್ ಅಕ್ಕನನ್ನು ಎಡದಿಂದ ನೋಡಿದರು, ಬಲದಿಂದ ನೋಡಿದರು, ಬೆಳಕಿಗೆ ತಿರುಗಿಸಿಯೂ ನೋಡಿದರು.

"ಇದು ಇಲ್ಲಿ ಆಗೋ ರಿಪೇರಿ ಅಲ್ಲ ಸಾರ್. ನಾನು ಕೆಲಸ ಮಾಡೋ ಜಾಗಕ್ಕೇ ತಗೊಂಡು ಹೋಗ್ಬೇಕು."

"ಎಲ್ಲಿಗೆ?"

"ಗುರುವಾರ ಇವರ ತಂಗಿ ಮದುವೆ ಫೋಟೋ ನಂದೇ."

ಕರಾರನ್ನು ಮೂರು ಸಲ ಓದಿದೆ, ಅಡ್ಡಿ ಸಿಗಲಿಲ್ಲ. ಗೇಟ್ ಪಾಸ್ ಬರೆದುಕೊಟ್ಟೆ: ನಗು ಒಂದು, ರಿಪೇರಿಗಾಗಿ. ಕಾವಲಿಗೆ ಗಂಟುಮೋರೆ.

ಮದುವೆ ಮನೆಯಲ್ಲಿ ತಂಗಿ ಅಕ್ಕನ ಕೊರಳಿಗೆ ಜೋತುಬಿದ್ದು ಕಿವಿಯಲ್ಲಿ ಏನೋ ಅಂದಳಂತೆ. ನಗು ಸರಿಹೋಯಿತು, ಮೂಲ ಅಳತೆಗಿಂತ ಅಗಲವೂ ಆಯಿತು. ಗಂಟುಮೋರೆ ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳುವಷ್ಟರಲ್ಲಿ ಫೋಟೋಗ್ರಾಫರ್ "ಎಲ್ಲರೂ ಈ ಕಡೆ" ಎಂದರು. ಅಕ್ಕ ಗಂಟುಮೋರೆಯವರನ್ನೂ ಸಾಲಿಗೆ ಎಳೆದು ನಿಲ್ಲಿಸಿಕೊಂಡರು. ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತ ಆ ಮನುಷ್ಯ, ಅಷ್ಟು ಜನರ ಮಧ್ಯೆ ಅದೇನು ತೋಚಿತೋ, ಇದ್ದಬದ್ದ ಹಲ್ಲೆಲ್ಲ ಕಾಣುವಂತೆ ನಕ್ಕುಬಿಟ್ಟರು. ಫೋಟೋದಲ್ಲಿ ಚೆನ್ನಾಗಿ ಬಂದಿದೆ.

ಸೋಮವಾರ ಕಚೇರಿಯಲ್ಲೂ ಅವರು ನಕ್ಕರು. ಮಂಗಳವಾರ ಅವರಿಗೆ ಮೆಮೊ ಬಂತು. ಕಳಿಸಿದವರು ಅಕ್ಕನ ತಂದೆ. ನಮ್ಮ ಅರವತ್ತೆರಡು ಕುರ್ಚಿ ಮಾಡಿದ ಬಡಗಿ ಅವರೇ. ಒಮ್ಮೆ ಕೈ ಸುಟ್ಟುಕೊಂಡವರು, ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂದು, ಮಗಳ ಮದುವೆಯ ಫೋಟೋಗಳಿಗೆ ನಮ್ಮದೇ ಮಾದರಿಯಲ್ಲಿ ಕರಾರು ಮಾಡಿಸಿಕೊಂಡಿದ್ದರು. ಕಚೇರಿಗೆ ಸೇರಿದ್ದನ್ನು ಬಿಟ್ಟು, ಸದರಿ ಫೋಟೋಗಳಲ್ಲಿನ ಸಮಸ್ತ ನಗುಗಳು ಅವರ ಮನೆಯ ಆಸ್ತಿ. ಹೊರಗೆ ಬಳಸತಕ್ಕದ್ದಲ್ಲ.

ಗಂಟುಮೋರೆ ನನ್ನ ಮೇಜಿಗೆ ಬಂದರು. ಮುಖ ಸಪ್ಪಗಿತ್ತು.

"ಈಗೀಗ ರೂಢಿ ಆಗ್ತಾ ಇತ್ತು ಕಣಯ್ಯ. ಮನೇಲಿ ಹೆಂಡತಿ ಕೂಡ ಚೆನ್ನಾಗಿದೆ ಅಂದ್ಲು. ಈಗ ಬಿಡು ಅಂದ್ರೆ ಹೇಗೆ?"

ಬಡಗಿಯವರನ್ನು ಕರೆಸಿ ಕೂರಿಸಿದೆವು. ಅವರು ಮೊದಲು ಕುರ್ಚಿಯ ಕಾಲು ಅಲ್ಲಾಡಿಸಿ ನೋಡಿ, ಆಮೇಲೆ ಮಾತಿಗೆ ಬಂದರು. "ನನ್ನ ದೊಡ್ಡ ಮಗಳದ್ದು ಕಚೇರಿ ಬಿಟ್ಟ ಮೇಲೆ ನಮಗೆ ಕೊಡಿ. ನಿಮ್ಮ ಸ್ಟೋರ್ ಸಾಹೇಬ್ರದ್ದು ಕಚೇರಿ ಹೊತ್ತಲ್ಲಿ ನೀವು ಇಟ್ಕೊಳ್ಳಿ. ರಾತ್ರಿ ಊಟದ ಹೊತ್ತಿಗೆ ಬೇಕಾದ್ರೆ ಅವರ ಹೆಂಡತಿ ಬಂದು ಕೇಳಲಿ, ನೋಡೋಣ."

ಎರಡೂ ಕಡೆಯವರು ಸಹಿ ಹಾಕಿದರು. ಮಾದರಿ ಅದೇ.

ಈಗ ಸಂಜೆ ಐದಕ್ಕೆ ಗೇಟಿನ ಬಳಿ ಅಕ್ಕ ತಮ್ಮ ನಗುವನ್ನು ಸಹಿ ಹಾಕಿ ಪಡೆದುಕೊಳ್ಳುತ್ತಾರೆ, ಗಂಟುಮೋರೆ ತಮ್ಮದನ್ನು ಸಹಿ ಹಾಕಿ ಅಕ್ಕನ ಕೈಗೆ ಒಪ್ಪಿಸುತ್ತಾರೆ. ಆಮೇಲೆ ಅವರ ಹೆಂಡತಿ, ಅರ್ಜಿ ಹಿಡಿದುಕೊಂಡು, ಬಡಗಿಯ ಮನೆಯ ಕಡೆ ನಡೆಯುತ್ತಾರೆ.