ರಾಕ್ಷಸಿದು ಯಾವ ಊರ್ರಿ?

ಭಾನುವಾರ ಬಂತೆಂದರೆ ನನಗೆ ಏನಾದರೊಂದು ಆಗಿಯೇ ತೀರುತ್ತದೆ. ಏನೂ ಆಗದಿದ್ದರೆ, ಯಾಕೆ ಆಗಲಿಲ್ಲ ಎಂದು ಸೋಮವಾರವಿಡೀ ಹೆದರುತ್ತೇನೆ.

ವಾರವೆಲ್ಲ ನಾನು ರಾಯದುರ್ಗದ ಒಂದು ಜೀನ್ಸ್ ಯೂನಿಟ್ಟಿನಲ್ಲಿ ಚೆಕಿಂಗ್ ಮಾಡುವವನು. ಪ್ಯಾಂಟು ತಿರುಗಿಸಿ ಮುರುಗಿಸಿ ಉಳಿದ ದಾರ ಕತ್ತರಿಸುವ ಕೆಲಸಕ್ಕೆ ಮಾತು ಬೇಕಾಗಿಲ್ಲ. ಭಾನುವಾರ ಮಧ್ಯಾಹ್ನ ಮಾತ್ರ ನಾನು ಗೇಮ್ ಮಾಸ್ಟರ್. ಮೇಜಿನ ಸುತ್ತ ಕೂತು ಆಡುವ ಕಥೆಯಾಟ ಅದು. ಆಡುವವರು ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ಏನು ಮಾಡುತ್ತೇವೆಂದು ಬಾಯಲ್ಲಿ ಹೇಳುತ್ತಾರೆ. ಅದು ಆಯಿತೋ ಕೆಟ್ಟಿತೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಉಳಿದದ್ದೆಲ್ಲ ನಾನೇ: ಕಾಡು, ಕೋಟೆ, ರಾಕ್ಷಸ, ರಾಕ್ಷಸನ ಕೆಮ್ಮು.

ಆಡುವವರು ಮೂವರು. ನಮ್ಮ ಯೂನಿಟ್ಟಿನ ಹಿರಿಯ ಟೈಲರ್ ಯೋಧ, ಗುಂಡಿ ಮೆಷಿನ್ ಅಕ್ಕ ಮಂತ್ರಗಾತಿ. ಮೆಡಿಕಲ್ ಶಾಪಿನವರಿಗೆ ವೈದ್ಯರಾಗಿ ಎಂದರೆ, ಹಟ ಹಿಡಿದು ಕಳ್ಳನಾದರು. ಇವರಲ್ಲಿ ಒಬ್ಬರಿಗೆ ಬೇಸರ ಬಂದರೂ ಆಟ ನಿಂತಿತು, ನಾನು ಏಳು ದಿನವೂ ಮೂಗ. ಆ ಭಯಕ್ಕೆ ಭಾನುವಾರ ಬೆಳಗ್ಗೆ ಮಂಡಕ್ಕಿ ಉಗ್ಗಾಣಿ ಕೂಡ ಗಂಟಲಲ್ಲಿ ಇಳಿಯುವುದಿಲ್ಲ.

ಹವಾ ಇರುವ ಗುಹೆ

ವಾರವೆಲ್ಲ ತಲೆ ಕೆಡಿಸಿಕೊಂಡು ಒಂದು ಗುಹೆ ತಯಾರು ಮಾಡಿದ್ದೆ. ಒಳಗೆ ಮಹಾಸರ್ಪ, ಉರುಳುವ ಬಂಡೆ, ಕೊನೆಗೆ ನಿಧಿ. ದನಿ ತಗ್ಗಿಸಿ, "ನಿಮ್ಮ ಮುಂದೆ ಕತ್ತಲ ಗುಹೆ. ಒಳಗಿಂದ ತಣ್ಣನೆ ಗಾಳಿ ಬರುತ್ತಿದೆ," ಎಂದೆ.

ಮೂವರೂ ಮುಖ ಮುಖ ನೋಡಿಕೊಂಡರು. ಅಂತೂ ಹೆದರಿದರು ಎಂದುಕೊಂಡೆ.

"ಎಷ್ಟು ತಣ್ಣಗೈತ್ರಿ?" ಟೈಲರ್ ಕೇಳಿದರು.

"ಮೈ ನಡುಗುವಷ್ಟು."

"ಅಗಲ?"

"ಬಹಳ ಅಗಲ."

ಟೈಲರ್ ಅಕ್ಕನ ಕಡೆ ತಿರುಗಿದರು. "ಮೆಷಿನ್ ಆರಾಮ ಹಿಡೀತಾವಲ್ಲಕ್ಕ! ಬ್ಯಾಸಿಗ್ಯಾಗ ತಗಡಿನ ಶೆಡ್ಡಿನ್ಯಾಗ ಬೇಯೂದು ತಪ್ಪತೈತಿ."

ಆಮೇಲೆ ಒಬ್ಬರೂ ಒಳಗೆ ಹೆಜ್ಜೆ ಇಡಲಿಲ್ಲ. ಬಾಗಿಲಲ್ಲೇ ನಿಂತು ಕಟಿಂಗ್ ಮೇಜು ಎಲ್ಲಿ, ಇಸ್ತ್ರಿ ಎಲ್ಲಿ ಎಂದು ವಾದಿಸಿದರು. ನನ್ನ ಬಂಡೆ, ನಿಧಿ ಎಲ್ಲ ಮಣ್ಣುಪಾಲಾಗುತ್ತಿದ್ದವು. ಬೆವರು ಒರೆಸಿಕೊಂಡು ಸರ್ಪವನ್ನೇ ಹೊರಗೆ ಕರೆದುಕೊಂಡು ಬಂದೆ. ಕೈಯನ್ನು ಹೆಡೆ ಮಾಡಿ ಬುಸ್ ಎಂದೆ.

"ಓನರ್ ಬಂದ್ರು," ಅಂದರು ಅಕ್ಕ. "ತ್ರೀ ಫೇಸ್ ಕರೆಂಟ್ ಐತೇನು ಕೇಳ್ರಿ."

ಆರು ತೋಳಿನ ಬೀಗರು

ನಮ್ಮ ಕಡೆ ಹೊಸಬರು ಸಿಕ್ಕರೆ ಮೊದಲು ಊರು ಕೇಳುತ್ತಾರೆ, ಹೆಸರು ಆಮೇಲೆ. ರಾಕ್ಷಸರಿಗೂ ಅದೇ ಮರ್ಯಾದೆ ಎಂದು ನನಗೆ ಹೊಳೆದಿರಲಿಲ್ಲ.

ಆರು ತೋಳಿನ ರಾಕ್ಷಸ ಗದೆ ಬೀಸುತ್ತ ಬಂದ. ಟೈಲರ್ ಕತ್ತಿ ಎತ್ತುವುದು ಬಿಟ್ಟು, "ಯಾವೂರ್ರಿ ತಮ್ಮದು?" ಎಂದರು.

ಹೊರಗೆ ಆಟೋದವನೊಬ್ಬ ಜನ ತುಂಬಿಸಿಕೊಳ್ಳುತ್ತ ಊರಿನ ಹೆಸರು ಕೂಗುತ್ತಿದ್ದ. ಅದೇ ಬಾಯಿಗೆ ಬಂತು: "ಗುಮ್ಮಘಟ್ಟ."

ಟೈಲರ್ ಕತ್ತಿ ಕೆಳಗಿಟ್ಟರು. "ನಮ್ಮ ಮನಿಯಾಕಿ ತವರೂರು! ಯಾರ ಪೈಕಿ?"

"ಯಾರ ಪೈಕಿಯೂ ಅಲ್ಲ. ರಾಕ್ಷಸ."

"ಹಂಗಂದ್ರ ಹೆಂಗ್ರಿ? ಆ ಊರಾಗ ನಮಗ ಬೀಗರಲ್ಲದೋರು ಯಾರದಾರ? ಇವನ್ನ ಹೊಡದು ಮನಿಗೆ ಹೋದ್ರ ನನಗ ಕೂಳು ಹಾಕೋರು ಯಾರು?"

ದಾಳ ಹಾಕಿರೆಂದು ಗೋಗರೆದೆ. ಅವರು ಕೈ ಕಟ್ಟಿ ಕೂತರು. ಅತ್ತ ಮೆಡಿಕಲ್ ಶಾಪಿನವರು ಗಡಿಯಾರ ನೋಡಿದರು. ಗಡಿಯಾರ ನೋಡಿದವರು ಮುಂದಿನ ವಾರ ಬರುವುದಿಲ್ಲ ಎಂಬುದು ನನ್ನ ನಂಬಿಕೆ. ಕೊನೆಗೆ ಅಕ್ಕನೇ, "ಬೀಗರನ್ನ ನಿಂದ್ರಿಸಿ ಮಾತಾಡಸ್ತಾರೇನ್ರಿ? ಕುಂದರಿಸಿ ಚಾ ಕೊಡ್ರಿ," ಎಂದು ಪಾರು ಮಾಡಿದರು. ರಾಕ್ಷಸ ಚಾ ಕುಡಿದ. ಬೀಗರನ್ನು ಬರಿಗೈಯಲ್ಲಿ ಕಳಿಸಬಾರದಲ್ಲ, ಟೈಲರ್ ಅಂಗಿ ಹೊಲಿದುಕೊಡಲು ಅಳತೆ ತೆಗೆಯುತ್ತ ಗೊಣಗಿದರು: "ತೋಳು ಆರು. ಬಟ್ಟಿ ಭಾಳ ಹಿಡೀತೈತಿ."

ಅತ್ತೆಯವರ ಮುಂದೆ

ಮುಂದಿನ ರಾಕ್ಷಸಿಯನ್ನು ತರುವ ಮೊದಲು ಯಾರ ನೆಂಟರು ಯಾವ ಊರಲ್ಲಿ ಎಂದು ಮೂವರನ್ನೂ ಕೂರಿಸಿ ವಿಚಾರಿಸಿದೆ. ಬೊಮ್ಮನಹಾಳಿನಲ್ಲಿ ಅಕ್ಕನ ತಂಗಿ ಇದ್ದಾಳೆ. ಮಡಕಶಿರದಲ್ಲಿ ಮಾತ್ರ ಯಾರಿಗೂ ಯಾರೂ ಇಲ್ಲ. ಸರಿ, ಮಡಕಶಿರದ ಬೆಟ್ಟದ ಕೋಟೆಯಲ್ಲಿ ನಮ್ಮ ರಾಕ್ಷಸಿ ನೆಲೆಯಾದಳು. ರೇಷ್ಮೆ ಹುಳದ ಹಾಗೆ ಹಗಲೂ ರಾತ್ರಿ ಮೇಯುವವಳು, ಕೂಗಿದರೆ ಬೆಟ್ಟ ಅದುರುವಂಥವಳು. ಆಟ ಅಷ್ಟು ರಂಗೇರಿದ್ದೇ ಇಲ್ಲ.

ಅಷ್ಟರಲ್ಲಿ ನನಗೆ ಹೆಣ್ಣು ಗೊತ್ತಾಯಿತು. ಮಡಕಶಿರದ ಹುಡುಗಿ.

ರಾಕ್ಷಸಿಯ ಊರು ಬದಲಿಸೋಣವೆಂದರೆ ಬೇರೆ ಊರುಗಳಲ್ಲೆಲ್ಲ ಇವರ ನೆಂಟರು. "ನಿಮಗ ಬೀಗರಾದ್ರ ಆಗ್ಲಿ, ನಮಗೇನ್ರಿ?" ಎಂದರು ಟೈಲರ್. ಮದುವೆಯಾದ ಮೇಲೆ ಹೆಂಡತಿ ಖಡಾಖಂಡಿತವಾಗಿ ಹೇಳಿದಳು: "ಈ ವಾರ ಅಮ್ಮ ಬರ್ತೈತೆ. ಆಟ ನೋಡಿ ಸರಿ ಅಂದ್ರೆ ಆಡ್ಕಳಿ. ಇಲ್ದಿದ್ರೆ ಪ್ರತಿ ಭಾನ್ವಾರ ನನ್ ಜೊತೆ ಮಡಕಶಿರದ ಬಸ್ ಹತ್ತಿ."

ಊರಿನ ಸುದ್ದಿ ಎತ್ತಬೇಡಿ ಎಂದು ಮೂವರಿಗೂ ಕೈ ಮುಗಿದಿದ್ದೆ. ಅತ್ತೆ ಬಂದರು, ಕಡಲೆಕಾಯಿ ಚೀಲ ಬಿಚ್ಚಿಕೊಂಡು ಕೂತರು. ಬಂದವರನ್ನು ಮಾತಾಡಿಸದೆ ಇರುವುದು ಟೈಲರ್‌ಗೆ ಆಗಲಿಲ್ಲ. "ಅಮ್ಮಾರ, ನಿಮ್ಮೂರಿನ ರಾಕ್ಷಸಿ ಕೂಡನ ಕಾದಾಡಾಕತ್ತೀವ್ರಿ," ಎಂದು ಅವಳ ಊಟ, ಕೂಗು ಎಲ್ಲವನ್ನೂ ವರ್ಣಿಸಿದರು. ಹೆಂಡತಿ ಆಗಲೇ ಬಸ್ಸಿನ ಹೊತ್ತು ಕೇಳುತ್ತಿದ್ದಳು.

ಅತ್ತೆ ಸಿಪ್ಪೆ ಬಿಡಿಸುತ್ತ ನನ್ನನ್ನೇ ನೋಡಿದರು. "ಅಳಿಯಂದ್ರೇ, ಈ ಕತೆ ಮದ್ವೆಗೆ ಮುಂಚೆ ಕಟ್ಟಿದ್ದೋ, ಆಮೇಲೋ?"

"ಮುಂಚೆ ಅತ್ತೆ, ದೇವರಾಣೆ."

"ನಮ್ಮೂರ ಹೆಣ್ಮಗಳ ಮೇಲೆ ಮೂರು ಜನ ಬೀಳ್ತೀರಲ್ಲ, ಅವಳ ಕಡೆಯಿಂದ ಮಾತಾಡೋರು ಯಾರು?"

"ನಾನೇ, ಅತ್ತೆ."

"ನಿಮ್ ಬಾಯಿ ನಾನು ನೋಡಿಲ್ವಾ? ಮೇಲಕ್ಕೇಳಿ."

ಎದ್ದೆ. ನನ್ನ ಕುರ್ಚಿಯಲ್ಲಿ ಕೂತು, ದಾಳ ಎಸೆದು, ಒಂದು ಕೂಗು ಹಾಕಿದರು. ಯೋಧ ಶರಣಾದ. ಕಳ್ಳ ಹಿಂದಿನ ಕಥೆಗಳಲ್ಲಿ ಕದ್ದದ್ದನ್ನೂ ಒಪ್ಪಿಸಿದ. ನನಗೆ ಒಂದು ದಿನವೂ ಹೆದರದ ಅಕ್ಕ, "ತಪ್ಪಾತ್ರಿ ಅಮ್ಮಾರ," ಎಂದು ಎದ್ದು ನಿಂತರು. ನನಗೆ ಹೊಟ್ಟೆಯೂ ಉರಿಯಿತು, ಭಯವೂ ಆಯಿತು.

ಅತ್ತೆಯನ್ನು ಬಸ್ಸು ಹತ್ತಿಸಿ ಬರುವಾಗ ಹೆಂಡತಿ ತೀರ್ಪು ಕೊಟ್ಟಳು: "ಅಮ್ಮಂಗೆ ಆಟ ಹಿಡಿಸ್ತು. ಇನ್ಮೇಲೆ ನೀವು ಭಾನ್ವಾರ ಮಡಕಶಿರಕ್ಕೆ ಬರದು ಬ್ಯಾಡ."

ಹೋದ ಜೀವ ಬಂತು. ದಾರಿಯಲ್ಲೇ ಕೈ ಮುಗಿದೆ.

"ಅಮ್ಮನೇ ಬರ್ತೈತೆ, ಶನಿವಾರಾನೇ," ಅಂದಳು. "ತಯಾರಿ ಮಾಡ್ಕಬೇಕಂತೆ."